ಸಹಜ ದೋಷ

ಬೇರೆಯವರ ಲೆಕ್ಕ ಬರೆಯುವುದು ನನ್ನ ಕಸುಬು.
ಹಾಸನದ ಮಹಾವೀರ ವೃತ್ತದ ಹತ್ತಿರ, ಜೆರಾಕ್ಸ್ ಅಂಗಡಿಯ ಮೇಲೆ,
ಒಂದು ಮೇಜು, ಎರಡು ಕುರ್ಚಿ.
ಮೂರನೆಯವರು ಬಂದರೆ ನಿಂತೇ ಇರಬೇಕು.
ದಾಕ್ಷಾಯಿಣಿ ಬಂದಳು, ಜೊತೆಗೆ ಫಿರ್ದೋಸ್.
ಇಬ್ಬರೂ ಕೂತರು. ಅವರು ತಂದ ಆಲೂಗಡ್ಡೆ ಮೂಟೆ ನಿಂತಿತು.

ಗುದ್ದಲಿ ಏಟು ತಿಂದದ್ದು, ಹಸಿರು ತಿರುಗಿದ್ದು,
ಗೋಲಿಯಷ್ಟೇ ಆಗಿ ಸುಮ್ಮನಾದದ್ದು,
ಎಪಿಎಂಸಿ ಹರಾಜು ಮುಗಿದ ಮೇಲೆ
ದನವೂ ಮೂಸಿ ಬಿಡುವಂಥದ್ದು.
ಇದರ ಗಂಜಿಯಿಂದ ಚೀಲ ಮಾಡ್ತೀವಿ ಸಾರ್,
ಮಣ್ಣಿಗೆ ಬಿದ್ದರೆ ತೊಂಬತ್ತು ದಿನಕ್ಕೆ ಮಣ್ಣು.
ನೀರಿಗೆ ಬಿದ್ದರೆ ಅಷ್ಟೂ ಬೇಡ.

ಬಂಡವಾಳ? ಅಂದೆ.
ಫಿರ್ದೋಸಳ ಅಪ್ಪನ ವೆಲ್ಡಿಂಗ್ ಶೆಡ್ಡಿನಲ್ಲಿ ಅರ್ಧ,
ದಾಕ್ಷಾಯಿಣಿಯ ಎರಡೆಳೆ ಸರ,
ಉಳಿದದ್ದು ಬ್ಯಾಂಕು.

ಬ್ಯಾಂಕಿನವರು ಒಳ್ಳೆಯವರೇ. ಕಾಫಿ ತರಿಸಿದರು.
ಮೂರು ತಿಂಗಳ ಹಿಂದೆ ಹುಟ್ಟಿದ ಕಂಪನಿಗೆ
ಮೂರು ವರ್ಷದ ಲಾಭ-ನಷ್ಟದ ಪಟ್ಟಿ ಕೇಳಿದರು.
ಮಾಲಿನ್ಯದ ಕಚೇರಿ ಕೇಳಿತು, ನಿಮ್ಮಿಂದ ಹೊರಡುವ ನೀರೆಷ್ಟು?
ಪಕ್ಕದ ಮನೆ ಎಮ್ಮೆ ಅದನ್ನು ಕುಡಿಯುತ್ತದೆ
ಎಂದು ಬರೆಯಲು ಕಾಲಂ ಇರಲಿಲ್ಲ.
ಚೀಲ ಕರಗುತ್ತದೆಂಬ ಪತ್ರಕ್ಕೆ ಪ್ರಯೋಗಾಲಯದ ಶುಲ್ಕ
ಚೀಲ ಮಾಡುವ ಯಂತ್ರಕ್ಕಿಂತ ಜಾಸ್ತಿ.
ಕರಗದ ಚೀಲಕ್ಕೆ ಯಾರೂ ಪತ್ರ ಕೇಳುವುದಿಲ್ಲ,
ಅದು ರಾತ್ರಿ ಬಸ್ಸಿನ ಟಾಪಿನಲ್ಲಿ ಕದ್ದು ಬರುತ್ತದೆ,
ಒಂದಕ್ಕೆ ಮೂವತ್ತು ಪೈಸೆ.
ನಮ್ಮದು ಎರಡು ರೂಪಾಯಿ ಹತ್ತು.

ನಮ್ಮದು ಅಂದೆನಲ್ಲ.
ಲೆಕ್ಕ ಬರೆಯುವವನು ಹಾಗನ್ನಬಾರದು.

ದೋಣಿಗಾಲಿನ ಕಡೆಯ ಹೋಂಸ್ಟೇಯವರು ನಲವತ್ತು ಸಾವಿರ ಕೇಳಿದರು,
ಮೇಲೆ ಒಂದು ಎಲೆಯ ಚಿತ್ರ ಇರಲಿ ಎಂದರು.
ದುಡ್ಡು ತೊಂಬತ್ತು ದಿನಕ್ಕೆ:
ಚೀಲ ಮಣ್ಣಾಗುವಷ್ಟು ಹೊತ್ತು.
ಆಗಲಿ ಎಂದಳು ದಾಕ್ಷಾಯಿಣಿ. ಬೇರೇನು ಅನ್ನುತ್ತಾಳೆ?
ಹತ್ತೊಂಬತ್ತು ರಾತ್ರಿ ಶೆಡ್ಡಿನ ದೀಪ ಆರಲಿಲ್ಲ,
ಕರೆಂಟು ಹೋದಾಗ ಬಿಟ್ಟು.

ಹುಬ್ಬೆ ಮಳೆ.
ಲಾರಿಗೆ ಹೊದಿಸಿದ್ದು ಪ್ಲಾಸ್ಟಿಕ್ ಟಾರ್ಪಾಲೇ, ಅದೂ ಹರಿದಿತ್ತು.
ಬಾಳ್ಳುಪೇಟೆ ದಾಟಿದ ಮೇಲೆ ಡ್ರೈವರ್ ಮರಿಗೌಡನ ಫೋನು:
‘ಮೇಡಂ, ಹಿಂದುಗಡೆಯಿಂದ ಗಂಜಿ ಸೋರ್ತೈತೆ.’

ವಿಮೆಯವರು ಛತ್ರಿ ಹಿಡಿದು ಬಂದರು,
ಬೆರಳಲ್ಲಿ ಮುಟ್ಟಿ, ಮೂಸಿ, ಕರವಸ್ತ್ರಕ್ಕೆ ಒರೆಸಿಕೊಂಡರು.
ವಾರದ ಮೇಲೆ ಕಾಗದ ಬಂತು:
ವಸ್ತುವಿನ ಸಹಜ ದೋಷದಿಂದಾದ ನಷ್ಟಕ್ಕೆ ಪರಿಹಾರ ಇರುವುದಿಲ್ಲ.

ಆ ಎರಡು ಪದ ಮನೆಯವರೆಗೂ ನನ್ನ ಜೊತೆ ನಡೆದು ಬಂದವು.
ಹಾಲು ಒಡೆಯುವುದು ಸಹಜ ದೋಷ,
ಹೂವು ಬಾಡುವುದು.
ನನ್ನ ಎಡ ಮಂಡಿ.
ಮೂವತ್ತು ಪೈಸೆಯ ಆ ಇನ್ನೊಂದು ಚೀಲ ಮಾತ್ರ
ಯಾವ ದೋಷವೂ ಇಲ್ಲದೆ
ಸಂತೇಪೇಟೆಯ ಚರಂಡಿಯಲ್ಲಿ ಉಬ್ಬಿ ಕೂತಿದೆ,
ವಿಮೆಗೆ ಹೇಳಿ ಮಾಡಿಸಿದ ಹಾಗೆ.

ಮೊದಲು ನಕ್ಕವಳು ಫಿರ್ದೋಸ್.
‘ಕರಗ್ತೀನಿ ಅಂದಿತ್ತು, ಕರಗ್ತು. ಮಾತಿಗೆ ತಪ್ಪಲಿಲ್ಲ ನೋಡಿ ಸಾರ್.’
ದಾಕ್ಷಾಯಿಣಿ ನಗಲಿಲ್ಲ,
ಕಂತಿನ ತಾರೀಖು ಕೇಳಿದಳು.
ಈ ಎಂಬತ್ತನಾಲ್ಕು ಸಾವಿರವನ್ನು ಯಾವ ಖಾತೆಗೆ ಬರೆಯಲಿ?
‘ಪರೀಕ್ಷೆಯ ಖರ್ಚು ಅಂತ ಬರೀರಿ,’ ಎಂದಳು ಫಿರ್ದೋಸ್,
‘ಲ್ಯಾಬಿನವರಿಗಿಂತ ಮಳೆ ಸರಿಯಾಗಿ ಮಾಡಿದೆ.’
ಹಾಗೆ ಬರೆಯಲು ಬರುವುದಿಲ್ಲ.
ಬರೆದೆ, ಪೆನ್ಸಿಲಿನಲ್ಲಿ.

ಈಗ ನರ್ಸರಿಯವರೊಬ್ಬರು ನೂರು ಕೇಳಿದ್ದಾರೆ,
ಚೀಲದ ಸಮೇತ ಸಸಿ ನೆಡಲು.
ನೂರು ಏನೂ ಅಲ್ಲ.
ಬೇರು ಹಿಡಿಯುವ ಮೊದಲೇ ಚೀಲ ಕೈಬಿಡುತ್ತಿದೆ,
ಹದ ಇನ್ನೂ ಸಿಕ್ಕಿಲ್ಲ.
ಶನಿವಾರ ಮತ್ತೆ ಹರಾಜಿನ ಕೊನೆಗೆ ಹೋಗಿ
ಆರು ಮೂಟೆ ಕೊಚ್ಚು ಗಡ್ಡೆ ತಂದರಂತೆ. ರಸೀದಿ ಕೊಟ್ಟಿದ್ದಾರೆ.

ಮೊದಲ ದಿನ ಕೊಟ್ಟ ಮಾದರಿ ಚೀಲವನ್ನು
ಅವರ ಫೈಲಿಗೇ ಪಿನ್ನು ಮಾಡಿಟ್ಟಿದ್ದೆ.
ನಿನ್ನೆ ತೆಗೆದರೆ ಜಿರಳೆ ಅದನ್ನು ಪೂರ್ತಿ ತಿಂದು,
ರುಚಿ ಹತ್ತಿ,
ಎರಡನೇ ತ್ರೈಮಾಸಿಕದ ಮೂಲೆಯನ್ನೂ ಮುಗಿಸಿದೆ.
ಪಿನ್ನು ಹಾಗೇ ಇದೆ.
ಸೋಮವಾರ ಬ್ಯಾಂಕಿನವರು ಕಡತ ನೋಡಲು ಬರುತ್ತಾರೆ.